ದೋನ್ ಲಿಬ್ರಾದೊ ಕೇಳದೆ ಬಿಟ್ಟ ಪ್ರಶ್ನೆ

ಲಿಬ್ರಾದೊ ರಾಸ್ಕೋನ್ ದೇಶದ ಗಡಿಯಲ್ಲಿರುವ ಹ್ವಾರೆಸ್ ನಗರದ ಮೆದಾನೊಸ್ ಹೋಟೆಲಿನ ಬಾಗಿಲಲ್ಲಿ ಮೂವತ್ತಾರು ವರ್ಷ ನಿಂತವರು. ಸಾಮಾನು ಹೊರುವ ಆಳಾಗಿ ಸೇರಿ ಹತ್ತನೆಯ ವರ್ಷಕ್ಕೆ ಆ ಆಳುಗಳ ಮುಖ್ಯಸ್ಥ, ಬೆಲ್ ಕ್ಯಾಪ್ಟನ್, ಆದರು; ಗೌರವಕ್ಕೆ ಜನ ದೋನ್ ಲಿಬ್ರಾದೊ ಎನ್ನುತ್ತಿದ್ದರು. ದ್ರಾಕ್ಷಿ ಬಣ್ಣದ ಕೋಟು, ಎದೆಯ ಮೇಲೆ ಎರಡು ಸಾಲು ಹಿತ್ತಾಳೆಯ ಗುಂಡಿ. ಮಾರ್ಚ್ ತಿಂಗಳ ಗಾಳಿ ಮರಳುಗಾಡನ್ನೇ ಎತ್ತಿ ತಂದು ಊರಿನ ಮೇಲೆ ಸುರಿಯುವ ದಿನಗಳಲ್ಲಿಯೂ ಆ ಗುಂಡಿಗಳು ಮಂಕಾದದ್ದನ್ನು ಯಾರೂ ಕಂಡವರಿಲ್ಲ. ಅವರ ಹೆಂಡತಿ ಎಲ್ವೀರಾ ನಿಂಬೆಯ ಹೋಳಿಗೆ ಉಪ್ಪು ಅದ್ದಿ ಅವನ್ನು ಉಜ್ಜುತ್ತ, "ನನ್ನ ಮದುವೆ ಉಂಗುರಕ್ಕೂ ಇಷ್ಟು ಉಪಚಾರ ನಡೆದಿಲ್ಲ," ಎಂದು ಗೊಣಗುತ್ತಿದ್ದಳು.

ಕಾರು ಬಂದು ನಿಂತು, ಅತಿಥಿ ಕಾಲು ಕೆಳಗಿಡುವಷ್ಟರಲ್ಲಿ, ಅವರು ಬಂದ ಕಾರಣ ಲಿಬ್ರಾದೊ ಅವರಿಗೆ ತಿಳಿದುಬಿಡುತ್ತಿತ್ತು. ಪ್ಲಾಸ್ಟಿಕ್ ಫೈಲನ್ನು ಎದೆಗೆ ಅವಚಿಕೊಂಡವರು ನದಿಯಾಚೆಯ ದೇಶದ ವೀಸಾ ಸಂದರ್ಶನಕ್ಕೆ ಬಂದವರು. ದವಡೆಯ ಮೇಲೆ ಕೈ ಇಟ್ಟುಕೊಂಡವರು ಆಚೆಯಿಂದ ಇಲ್ಲಿಗೆ ಹಲ್ಲು ಕಟ್ಟಿಸಿಕೊಳ್ಳಲು ಬಂದ ಮುದುಕರು. ಆಳೆತ್ತರದ ಪೆಟ್ಟಿಗೆಯಲ್ಲಿ ಬಿಳಿಯ ಉಡುಪು ತಂದು ಅದನ್ನು ಯಾರ ಕೈಗೂ ಕೊಡದವರು ಮದುವೆಯವರು. ಕೈಯಲ್ಲಿ ಏನೂ ಇಲ್ಲದೆ ಇಳಿದು, ಎಲ್ಲವನ್ನೂ ಡ್ರೈವರನ ಮೇಲೆ ಹೊರಿಸಿ, ಫೋನಿನಲ್ಲಿ ಮಾತಾಡುತ್ತ ಒಳಗೆ ಹೋಗುವವರು ಕಾರ್ಖಾನೆಗಳ ಮೇಲಧಿಕಾರಿಗಳು.

"ಹಸಿವು, ನಿದ್ದೆ, ಭಯ. ಬಂದವರ ಮುಖದಲ್ಲಿ ಈ ಮೂರರಲ್ಲಿ ಯಾವುದಿದೆ ಅಂತ ಮೊದಲು ನೋಡ್ರಪ್ಪಾ," ಎಂದು ಅವರು ಹೊಸದಾಗಿ ಸೇರಿದವರಿಗೆ ಹೇಳಿಕೊಡುತ್ತಿದ್ದರು. "ಅವರಾಗಿ ಬಾಯಿಬಿಟ್ಟು ಕೇಳೋವರೆಗೂ ಕಾಯ್ತೀರಿ ಅಂದ್ರೆ, ನೀವಿಲ್ಲಿ ನಿಂತಿರೋದೂ ಒಂದೇ, ಆ ಕುಂಡದಲ್ಲಿರೋ ಗಿಡ ನಿಂತಿರೋದೂ ಒಂದೇ."

ರಿಸೆಪ್ಷನ್ ಮೇಜಿನ ಮೇಲೆ ಚರ್ಮದ ರಟ್ಟಿನ ದಪ್ಪ ಪುಸ್ತಕವೊಂದಿತ್ತು. ಹೊರಡುವ ಅತಿಥಿಗಳು ತಮ್ಮ ಅನುಭವವನ್ನು ಅದರಲ್ಲಿ ಎರಡು ಸಾಲು ಬರೆದು ಹೋಗುವುದು ವಾಡಿಕೆ. ಹಾಸಿಗೆ ಮೆತ್ತಗಿತ್ತು, ಸ್ನಾನದ ಮನೆಯಲ್ಲಿ ನೀರು ಚೆನ್ನಾಗಿ ಬಂತು, ಸೂಪು ಬಿಸಿಯಾಗಿತ್ತು ಎಂದೆಲ್ಲ ಇರುವ ಆ ಪುಟಗಳಲ್ಲಿ ಲಿಬ್ರಾದೊ ಅವರ ಹೆಸರು ಅಲ್ಲಲ್ಲಿ ಬರುತ್ತಿತ್ತು. ಅವರು ಅದನ್ನು ಓದುವುದಿಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ಓದುತ್ತಿದ್ದರು. ಮಧ್ಯಾಹ್ನ ಜನ ಕಡಿಮೆ ಇರುವಾಗ ಮೇಜು ಒರೆಸುವ ನೆಪದಲ್ಲಿ ಪುಟ ತಿರುವಿ ಓದುತ್ತಿದ್ದರು.

ಪುಸ್ತಕದ ಹಿಂದಿನ ಗೋಡೆಯ ಮೇಲೆ ಎರಡು ಗಡಿಯಾರಗಳಿದ್ದವು. ಒಂದರ ಕೆಳಗೆ ಹ್ವಾರೆಸ್ ಎಂದೂ ಇನ್ನೊಂದರ ಕೆಳಗೆ ನದಿಯಾಚೆಯ ಎಲ್ ಪಾಸೊ ಎಂದೂ ಬರೆದಿತ್ತು. ವರುಷದ ಬಹುಪಾಲು ಎರಡೂ ಒಂದೇ ಹೊತ್ತು ತೋರಿಸುವುದರಿಂದ, "ಒಂದು ಕೆಟ್ಟರೆ ಇರಲಿ ಅಂತ ಎರಡು ಹಾಕಿದ್ದೀರಾ?" ಎಂದು ಅತಿಥಿಗಳು ನಗೆಯಾಡುತ್ತಿದ್ದರು. ಆದರೆ ಎರಡು ಸಾವಿರದ ಏಳನೆಯ ಇಸವಿಯಲ್ಲಿ ಆಚೆಯವರು ಕಾನೂನು ಬದಲಿಸಿ, ಬೇಸಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ಕೆಲಸವನ್ನು ಮಾರ್ಚ್ ತಿಂಗಳಿಗೇ ತಂದರು. ಈಚೆಯವರು ಏಪ್ರಿಲಿಗೇ ಉಳಿದರು. ಹೀಗೆ ಪ್ರತಿ ವಸಂತದಲ್ಲಿ ಸುಮಾರು ನಾಲ್ಕು ವಾರ, ಒಂದೇ ಊರಿನಂತೆ ಬದುಕುವ ಎರಡು ಊರುಗಳ ನಡುವೆ ಒಂದು ಗಂಟೆಯ ಬಿರುಕು ಬಿಡುತ್ತಿತ್ತು. ಈಚೆ ಎರಡಾದಾಗ ಆಚೆ ಮೂರು. ಜನ ಶಾಲೆಗೆ ತಡವಾದರು, ಕೆಲಸಕ್ಕೆ ತಡವಾದರು. ಅತ್ತೆಯ ಮನೆಯ ಊಟಕ್ಕೆ ಬೇಕೆಂದೇ ತಡವಾಗಿ ಹೋಗಿ ಗಡಿಯಾರದ ಮೇಲೆ ತಪ್ಪು ಹೊರಿಸಿದವರೂ ಇದ್ದರು. ಆ ವಾರಗಳಲ್ಲಿ ಯಾರಾದರೂ ಗಂಟೆ ಹೇಳಿದರೆ ಮರುಮಾತು ಒಂದೇ: "ಇಲ್ಲಿನದಾ, ಅಲ್ಲಿನದಾ?" ಮೆದಾನೊಸ್ ಹೋಟೆಲಿನಲ್ಲಿ ಅದನ್ನು ಕೇಳದೆ ಯಾರಿಗೂ ಕಾರು ಕಳುಹಿಸಬಾರದು, ಯಾರನ್ನೂ ಎಬ್ಬಿಸಬಾರದು ಎಂದು ನಿಯಮ ಮಾಡಿದವರೇ ಲಿಬ್ರಾದೊ.

ಎರಡು ಸಾವಿರದ ಎಂಟರಲ್ಲಿ, ಈಸ್ಟರ್ ಹಬ್ಬ ಮುಗಿದ ವಾರದ ಬುಧವಾರ, ಹನ್ನೊಂದೂವರೆಯ ಹೊತ್ತಿಗೆ ಬಾಡಿಗೆ ಕಾರಿನಿಂದ ಒಬ್ಬ ಹೆಂಗಸು ಇಳಿದರು. ವಯಸ್ಸು ಅರವತ್ತರ ಹತ್ತಿರ. ಇಸ್ತ್ರಿ ಮಾಡಿದ ಕಪ್ಪು ಲಂಗ, ತಾವೇ ಹೊಲಿದುಕೊಂಡದ್ದೆಂದು ಕಾಣುವ ಬಿಳಿಯ ರವಿಕೆ, ಕೈಯಲ್ಲಿ ಬಟ್ಟೆಯ ಚೀಲ. ಹಸಿವು, ನಿದ್ದೆ, ಭಯ, ಮೂರೂ ಆ ಮುಖದಲ್ಲಿದ್ದವು. ಬಂದ ಕಾರಣ ಮಾತ್ರ ಲಿಬ್ರಾದೊ ಅವರಿಗೆ ಹೊಳೆಯಲಿಲ್ಲ.

"ಅಮ್ಮಾ, ಆ ಚೀಲ ಇತ್ತ ಕೊಡಿ."

"ಬೇಡಪ್ಪಾ. ಇದರಲ್ಲಿ ನಮ್ಮೂರ ಹಾಲಿನ ಮಿಠಾಯಿ ಇದೆ. ಮುರಿದುಹೋಗತ್ತೆ."

"ಇಪ್ಪತ್ತೇಳು ವರ್ಷದಲ್ಲಿ ನಾನು ಯಾರ ಮಿಠಾಯೀನೂ ಮುರಿದಿಲ್ಲಮ್ಮಾ. ಒಂದೋ ಎರಡೋ ತಿಂದಿರಬಹುದು, ಅಷ್ಟೆ."

ಆಕೆ ನಕ್ಕು ಚೀಲ ಕೊಟ್ಟರು. ಹೆಸರು ತೊಮಾಸಾ ಲೋಯಾ; ಅದೇ ರಾಜ್ಯದ ಒಳನಾಡಿನ ಪರ್ರಾಲ್ ಊರಿನವರು; ಮಕ್ಕಳ ಚರ್ಚಿನ ಉಡುಪು ಹೊಲಿಯುವ ಕೆಲಸ. ಅಲ್ಲಿನ ಡಾಕ್ಟರ ಹೆಂಡತಿ ಆಕೆಯ ಹಳೆಯ ಗಿರಾಕಿ. ಆ ವರ್ಷ ಹ್ವಾರೆಸ್ ಎಂದರೆ ಜನ ಹೆದರುತ್ತಿದ್ದ ಕಾಲ. ಬೀದಿಯಲ್ಲಿ ಸೈನಿಕರ ಲಾರಿಗಳು ತಿರುಗುತ್ತಿದ್ದವು. ಒಂಟಿ ಹೆಂಗಸು ಎಲ್ಲೆಲ್ಲೋ ಇಳಿಯಬಾರದೆಂದು ಆ ಡಾಕ್ಟರ ಹೆಂಡತಿಯೇ ಈ ದೊಡ್ಡ ಹೋಟೆಲಿನಲ್ಲಿ ಕೋಣೆ ಹಿಡಿದುಕೊಟ್ಟಿದ್ದಳು.

ಲಿಫ್ಟಿನಲ್ಲಿ ನಿಂತು ತೊಮಾಸಾ ಮಿಕ್ಕದ್ದನ್ನು ಹೇಳಿದರು. ಮಗ ರೊಸೆಂದೊ ಏಳು ವರ್ಷದ ಹಿಂದೆ, ತಂದೆ ಹಾಸಿಗೆ ಹಿಡಿದಿದ್ದಾಗ, ಹೇಳದೆ ಕೇಳದೆ ಗಡಿ ದಾಟಿ ಹೋದವನು. ತಿಂಗಳೊಳಗೆ ತಂದೆ ತೀರಿಕೊಂಡರು. ಮಣ್ಣಿಗೂ ಬರಲಿಲ್ಲ. ಈಗ ಕಾಗದಪತ್ರವಿಲ್ಲದೆ ಸಿಕ್ಕಿಬಿದ್ದು, ಆಚೆಯವರು ಅವನನ್ನು ಇವತ್ತು ಸೇತುವೆಯ ಮೇಲೆ ತಂದು ಬಿಡುತ್ತಾರೆ.

"ಅಲ್ಲಿಂದ ಕಾಗದ ಬರೆದಿದ್ದ," ಎಂದರು ತೊಮಾಸಾ. "'ಅಮ್ಮಾ, ನೀನು ಸೇತುವೆ ಹತ್ತಿರ ಇದ್ದರೆ ನಿನ್ನ ಜೊತೆ ಮನೆಗೆ ಬರ್ತೀನಿ. ಇಲ್ಲದೆ ಇದ್ದರೆ, ನೀನು ನನ್ನ ಕ್ಷಮಿಸಿಲ್ಲ ಅಂತ ತಿಳ್ಕೊಂಡು ನನ್ನ ದಾರಿ ನೋಡ್ಕೊಳ್ತೀನಿ. ಇನ್ನು ತೊಂದರೆ ಕೊಡಲ್ಲ' ಅಂತ. ನೋಡಿ, ಹೇಗೆ ಬರೀತಾನೆ! ಸಿಕ್ಕಲಿ, ಮೊದಲು ಕೆನ್ನೆಗೆ ಎರಡು ಕೊಟ್ಟು ಆಮೇಲೆ ಮಿಠಾಯಿ ಕೊಡ್ತೀನಿ. ಸೇತುವೆ ಎಲ್ಲಿದೆ ಹೇಳಿ. ಮುಖ ತೊಳ್ಕೊಂಡು ಈಗಲೇ ಹೋಗಿ ನಿಂತುಬಿಡ್ತೀನಿ."

"ಎಷ್ಟು ಹೊತ್ತಿಗೆ ಬಿಡ್ತಾರಂತೆ?"

"ಮೂರು ಗಂಟೆಗೆ ಅಂತ ವಕೀಲರ ಆಫೀಸಿನ ಹುಡುಗಿ ಫೋನ್ ಮಾಡಿ ಹೇಳಿದ್ಲು."

ಇಲ್ಲಿ ಲಿಬ್ರಾದೊ ತಮ್ಮ ನಿಯಮದ ಪ್ರಶ್ನೆ ಕೇಳಬೇಕಾಗಿತ್ತು. ಅದೇ ಬೆಳಿಗ್ಗೆ ಟೈ ಕಟ್ಟಿದ ಆರು ಜನರನ್ನು ಕೇಳಿದ್ದರು. ಹಲ್ಲಿನ ಮುದುಕರನ್ನು ಕೇಳಿದ್ದರು. ಚರ್ಮದ ವ್ಯಾಪಾರಿಯೊಬ್ಬನನ್ನು ಎರಡು ಸಲ ಕೇಳಿ ಬೈಸಿಕೊಂಡಿದ್ದರು. ತೊಮಾಸಾ ಅವರನ್ನು ಕೇಳಲಿಲ್ಲ. ಪರ್ರಾಲಿನಿಂದ ಬಸ್ಸು ಹತ್ತಿ ಬಂದ ದರ್ಜಿ ಹೆಂಗಸಿಗೆ ಎರಡು ಗಡಿಯಾರದ ಗೊಡವೆ ಎಲ್ಲಿಂದ ಬರಬೇಕು, ಆಕೆಯ ಮೂರು ಎಂದರೆ ಮೂರೇ ಎಂದು ಮನಸ್ಸು ತಾನಾಗಿ ತೀರ್ಮಾನ ಮಾಡಿಬಿಟ್ಟಿತ್ತು. ಆಕೆಗೆ ಆ ಮೂರನ್ನು ಹೇಳಿದವರು ಯಾವ ದಡದಲ್ಲಿ ಕುಳಿತವರು ಎಂದು ಅದು ಯೋಚಿಸಲಿಲ್ಲ. ಅದೂ ಅಲ್ಲದೆ ಅವರ ಕಣ್ಣು ಆಕೆಯ ಊದಿದ ಪಾದಗಳ ಮೇಲಿತ್ತು.

"ಇನ್ನೂ ಮೂರೂವರೆ ಗಂಟೆ ಇದೆಯಮ್ಮಾ. ಹೊರಗೆ ನೋಡಿ, ಆಕಾಶವೇ ಕಾಣದ ಹಾಗೆ ಧೂಳು. ಸೇತುವೆ ಹತ್ತಿರ ನೆರಳಿಲ್ಲ, ಕೂತ್ಕೊಳ್ಳೋಕೆ ಜಾಗವಿಲ್ಲ, ಪೋಕರಿಗಳು ಬೇರೆ. ನಮ್ಮ ಹೋಟೆಲಿಗೆ ಬಂದವರು ಬೀದೀಲಿ ನಿಂತ್ಕೋಬಾರದು. ಬಿಸಿಬಿಸಿ ಮಾಂಸದ ಸಾರು ಕಳಿಸ್ತೀನಿ, ಊಟ ಮಾಡಿ ಮಲಗಿ. ಎರಡೂವರೆಗೆ ನಾನೇ ಬಂದು ಎಬ್ಬಿಸ್ತೀನಿ. ಕಾರಿದೆ, ಹತ್ತು ನಿಮಿಷದ ದಾರಿ. ಮಗನ ಎದುರಿಗೆ ಕೆಂಪು ಕಣ್ಣು ಇಟ್ಕೊಂಡು ನಿಲ್ತೀರಾ?"

"ನಿದ್ದೆ ಎಲ್ಲಿ ಬರತ್ತಪ್ಪಾ... ನೀವು ಮರೆತುಬಿಟ್ಟರೆ?"

"ಅಮ್ಮಾ," ಎಂದು ಲಿಬ್ರಾದೊ ತಮ್ಮ ಗುಂಡಿಗಳ ಮೇಲೆ ಕೈಯಿಟ್ಟು ಹೇಳಿದರು, "ನಾನು ಎಬ್ಬಿಸ್ತೀನಿ ಅಂದಮೇಲೆ ಎಬ್ಬಿಸಿದ ಹಾಗೇ."

ತೊಮಾಸಾ ಸಾರು ಕುಡಿದರು. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಬಂದ ದೇಹ; ಇಂಥ ಹಾಸಿಗೆಯ ಮೇಲೆ ಹಿಂದೆಂದೂ ಮಲಗಿರಲಿಲ್ಲ. ತಲೆಯಿಟ್ಟದ್ದೇ ನಿದ್ದೆ ಹತ್ತಿತು. ಅಡಿಗೆ ಮನೆಯವಳು ಬಂದು ಬಟ್ಟಲು ಖಾಲಿಯಾಗಿದೆ, ಅಮ್ಮ ಮಗುವಿನ ಹಾಗೆ ಮಲಗಿದ್ದಾರೆ ಎಂದು ಹೇಳಿದಾಗ ಲಿಬ್ರಾದೊ ಅವರಿಗೆ ಬಹಳ ಸಂತೋಷವಾಯಿತು.

ಎರಡು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಅವರು ಮೆಟ್ಟಿಲ ಕಡೆಗೆ ಹೊರಟಿದ್ದರು. ರಿಸೆಪ್ಷನ್ ಮೇಜಿನ ಮುಂದೆ ಯಾರೋ ಒಬ್ಬ ಗಡಿಬಿಡಿಯ ಮನುಷ್ಯ, "ನಾಲ್ಕಕ್ಕೆ ಮೀಟಿಂಗಿದೆ, ಕಾರು ಬೇಕು," ಎನ್ನುತ್ತಿದ್ದ. ರಿಸೆಪ್ಷನಿನ ಒಫೇಲಿಯಾ ತಲೆಯೆತ್ತದೆ, ದಿನಕ್ಕೆ ಐವತ್ತು ಸಲ ಕೇಳುವ ಧ್ವನಿಯಲ್ಲಿ, "ಇಲ್ಲಿನದಾ ಸಾರ್, ಅಲ್ಲಿನದಾ?" ಎಂದಳು.

ಲಿಬ್ರಾದೊ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟವರು ಹಾಗೆಯೇ ನಿಂತರು. ತಿರುಗಿ ಗೋಡೆಯನ್ನು ನೋಡಿದರು. ಎಲ್ ಪಾಸೊ ಗಡಿಯಾರದಲ್ಲಿ ಮೂರು ಇಪ್ಪತ್ತೈದು.

ಮೂರನೆಯ ಮಹಡಿಗೆ ಅವರು ಹೇಗೆ ಏರಿದರೋ ಅವರಿಗೇ ತಿಳಿಯದು. ತೊಮಾಸಾ ಬಾಗಿಲು ತೆರೆದಾಗ ಆಗಲೇ ತಲೆ ಬಾಚಿಕೊಂಡಿದ್ದರು. "ಇನ್ನೂ ಹೊತ್ತಿದೆಯಲ್ಲಾ?" ಎಂದರು.

"ಧೂಳು ಜಾಸ್ತಿಯಾಗಿದೆಯಮ್ಮಾ. ಗಾಡಿಗಳೆಲ್ಲ ನಿಧಾನ. ಬೇಗ ಹೊರಟುಬಿಡೋಣ."

ಅವರ ಬಾಯಿಂದ ಬಂದ ಮೊದಲನೆಯ ಸುಳ್ಳು ಅದು. ಅದರಲ್ಲಿ ಅರ್ಧ ನಿಜವೂ ಇದ್ದುದರಿಂದ ಸುಲಭವಾಗಿ ಬಂತು.

ಹೋಟೆಲಿನ ಕಾರು ಓಡಿಸುವ ತಾಚೊ ಬಾಯಿ ಮುಚ್ಚದ ಆಸಾಮಿ. "ಏನ್ ಕ್ಯಾಪ್ಟನ್ ಸಾಹೇಬ್ರೇ, ನೀವೂ ಹತ್ತಿದ್ರಿ! ಗುಂಡಿಗೆ ಧೂಳು ಕೂತ್ರೆ ಎಲ್ವೀರಾ ಅಕ್ಕ ನನ್ನ ಮನೇಗೇ ಬಂದು ಹೊಡೀತಾರೆ," ಎಂದು ಶುರುಮಾಡಿದ. ಕನ್ನಡಿಯಲ್ಲಿ ಲಿಬ್ರಾದೊ ಅವರ ಮುಖ ಕಂಡು ಸುಮ್ಮನಾದ. ಸಾಂತಾ ಫೆ ಸೇತುವೆಯ ಬುಡಕ್ಕೆ ತಲುಪಿದಾಗ ಈಚೆಯ ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷ ಕಡಿಮೆ.

ತೊಮಾಸಾ ಕಂಬಿಯ ಹತ್ತಿರ ಹೋಗಿ, ಇಳಿದು ಬರುವ ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಿಂತರು. ಚೀಲದ ಬಾಯಿ ಬಿಚ್ಚಿ ಮಿಠಾಯಿಯ ಪೊಟ್ಟಣವನ್ನು ಮೇಲಕ್ಕೆ ಇಟ್ಟುಕೊಂಡರು. ಲಿಬ್ರಾದೊ ನೇರವಾಗಿ ಬುರಿತೊ, ಅಂದರೆ ಪಲ್ಯ ಸುತ್ತಿದ ರೊಟ್ಟಿ, ಮಾರುವ ಚಾಯೋ ಬಳಿಗೆ ಹೋದರು. ಸೇತುವೆಯ ಕೆಳಗೆ ಹದಿನೈದು ವರ್ಷದಿಂದ ಬುಟ್ಟಿ ಇಟ್ಟುಕೊಂಡು ಕೂರುವ ಅವಳ ಕಣ್ಣು ತಪ್ಪಿಸಿ ಯಾರೂ ಇಳಿದು ಹೋಗಲಾರರು.

"ಚಾಯೋ, ಇವತ್ತು ಆಚೆಯಿಂದ ಬಿಟ್ಟವರನ್ನ ನೋಡಿದೆಯಾ?"

"ನೋಡದೆ ಏನು? ಎರಡಕ್ಕೆ ಒಂದು ಹಿಂಡು ಬಂತು. ಪಾಪ, ಎಲ್ಲರ ಕೈಯಲ್ಲೂ ಅದೇ ಪ್ಲಾಸ್ಟಿಕ್ ಚೀಲ, ಶೂಗೆ ಲೇಸಿಲ್ಲ. ಎಲ್ಲರೂ ಹೋದರು, ಒಬ್ಬ ಮಾತ್ರ ನಿಂತಿದ್ದ. ಉದ್ದನೆಯ ಹುಡುಗ, ಗದ್ದದ ಮೇಲೆ ಗಾಯದ ಕಲೆ. ದಾಟಿಹೋಗೋ ಹೆಂಗಸರನ್ನೆಲ್ಲ ಬಗ್ಗಿ ಬಗ್ಗಿ ನೋಡ್ತಿದ್ದ. 'ಏನಪ್ಪಾ, ಹೆಣ್ಣು ನೋಡೋಕೆ ಬಂದಿದ್ದೀಯಾ?' ಅಂದೆ. ನಗಲಿಲ್ಲ. ಒಂದು ಬುರಿತೊ ಕೊಟ್ಟೆ, ಕೈಯಲ್ಲಿ ಹಿಡ್ಕೊಂಡೇ ನಿಂತಿದ್ದ, ತಿನ್ನಲಿಲ್ಲ. ಮುಕ್ಕಾಲು ಗಂಟೆ ನಿಂತಿದ್ದ ಕ್ಯಾಪ್ಟನ್. ಇದೀಗ ಹೋದ. ನೀವು ಐದು ನಿಮಿಷ ಮುಂಚೆ ಬಂದಿದ್ದರೆ ಸಿಕ್ಕೋನು."

"ಯಾವ ಕಡೆ ಹೋದ?"

"ಬಸ್ ನಿಲ್ದಾಣಕ್ಕೆ ಜನ ತುಂಬೋ ವ್ಯಾನ್ ಇತ್ತಲ್ಲಾ, ಅದಕ್ಕೆ ಹತ್ತಿದ."

ಗಾಳಿಯ ಸದ್ದಿಗೆ ತೊಮಾಸಾ ಅವರಿಗೆ ಇದು ಕೇಳಿಸಿರಲಿಲ್ಲ. ಲಿಬ್ರಾದೊ ಆಕೆಯ ಬಳಿಗೆ ನಡೆದರು. ಹತ್ತು ಹೆಜ್ಜೆಯ ದಾರಿ. ಆ ಹತ್ತು ಹೆಜ್ಜೆಯಲ್ಲಿ ಹೇಳುವುದೋ ಬಿಡುವುದೋ ಎಂಬುದು ತೀರ್ಮಾನವಾಯಿತು. ಬಸ್ ನಿಲ್ದಾಣದಲ್ಲಿ ಹುಡುಗ ಸಿಕ್ಕೇ ಸಿಗುತ್ತಾನೆ. ಸಿಕ್ಕಮೇಲೆ ಯಾರ ತಪ್ಪು ಎಂಬ ಮಾತೇ ಬರುವುದಿಲ್ಲ. ಸುಮ್ಮನೆ ಈಗ ಆ ತಾಯಿಯ ಎದುರು, ಗುಂಡಿ ಹಾಕಿಕೊಂಡು ನಿಂತು, ನಾನು ಕೇಳಲು ಮರೆತೆ ಎನ್ನುವುದೇಕೆ?

"ಇವತ್ತು ಬೇಗ ಬಿಟ್ಟುಬಿಟ್ಟರಂತಮ್ಮಾ. ಬಸ್ ನಿಲ್ದಾಣಕ್ಕೆ ಹೋಗಿದ್ದಾನಂತೆ. ನಡೀರಿ, ಹಿಡಿಯೋಣ."

ತೊಮಾಸಾ ಅವರ ಕೈ ಮಿಠಾಯಿಯ ಪೊಟ್ಟಣದ ಮೇಲೆಯೇ ಇತ್ತು. "ಕಾಯಲಿಲ್ಲವಾ?"

ಲಿಬ್ರಾದೊ ತಲೆಯಾಡಿಸಿದರು. ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಆಕೆ ಅದನ್ನು ಕಾಯಲಿಲ್ಲ ಎಂದು ತೆಗೆದುಕೊಂಡರು.

ನಿಲ್ದಾಣದಲ್ಲಿ ಅವನು ಸಿಗಲಿಲ್ಲ. ಪಶ್ಚಿಮದ ಕಡೆ, ಮೆಹಿಕಾಲಿ ಊರಿಗೆ ಹೋಗುವ ಬಸ್ಸು ಹೊರಟು ಕಾಲು ಗಂಟೆಯಾಗಿತ್ತು. ತಾಚೊ ಸಂಜೆಯವರೆಗೆ ವಲಸಿಗರ ಛತ್ರಗಳನ್ನೆಲ್ಲ ಸುತ್ತಿದ. ಮರುದಿನವೂ ಸುತ್ತಿದ. ತೊಮಾಸಾ ಕೋಣೆಯ ಕಿಟಕಿಯ ಬಳಿ ಎರಡು ದಿನ ಕುಳಿತಿದ್ದರು. ಲಿಬ್ರಾದೊ ಊಟವನ್ನು ತಾವೇ ಹೊತ್ತು ತಂದರು, ದಿಂಬು ಬದಲಾಯಿಸಿದರು, ಆಕೆಯ ಚಪ್ಪಲಿಯ ಕಿತ್ತ ಪಟ್ಟಿಯನ್ನು ಹೊಲಿಸಿ ತಂದರು. ಮಾಡಬೇಕಾಗಿದ್ದ ಒಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಮಾಡಿದರು. ಪ್ರತಿ ಸಲ ಬಾಗಿಲು ತಟ್ಟುವಾಗ ಈ ಸಲ ಹೇಳಿಬಿಡುತ್ತೇನೆ ಎಂದುಕೊಳ್ಳುವರು. ಒಳಗೆ ಹೋದಮೇಲೆ, "ಇನ್ನೊಂದು ಕಂಬಳಿ ಬೇಕಾ ಅಮ್ಮಾ?" ಎನ್ನುವರು.

"ಅವರಪ್ಪನಿಗೂ ಕಾಯಲಿಲ್ಲ, ನನಗೂ ಕಾಯಲಿಲ್ಲ," ಎಂದರು ಆ ತಾಯಿ ಹೊರಡುವ ದಿನ. "ಏಳು ವರ್ಷ ನಾನು ಕಾದೆ ದೋನ್ ಲಿಬ್ರಾದೊ. ಅವನಿಗೆ ಒಂದು ಗಂಟೆ ಕಾಯೋಕಾಗಲಿಲ್ಲ. ಹೋಗಲಿ ಬಿಡಿ. ಈ ಮಿಠಾಯಿ ನೀವು ತಿನ್ನಿ. ಮುರಿದಿಲ್ಲ."

ಮುರಿಯದ ಆ ಮಿಠಾಯಿಯನ್ನು ಲಿಬ್ರಾದೊ ಮನೆಗೆ ಒಯ್ದರು. ಎಲ್ವೀರಾ ಬಿಚ್ಚಲು ಹೋದಾಗ, "ಅದು ನಮ್ಮದಲ್ಲ, ಇಡು," ಎಂದರು. ಬಹಳ ದಿನದ ಮೇಲೆ ಇರುವೆ ಮುತ್ತಿತು.

ಹೊರಡುವ ಮುನ್ನ ತೊಮಾಸಾ ಚರ್ಮದ ಪುಸ್ತಕದಲ್ಲಿ ಏನೋ ಬರೆದದ್ದನ್ನು ಅವರು ದೂರದಿಂದ ಕಂಡಿದ್ದರು. ಆ ಪುಟವನ್ನು ಅವರು ತಿರುವಲಿಲ್ಲ. ಆಮೇಲೆ ಯಾವ ಪುಟವನ್ನೂ ತಿರುವಲಿಲ್ಲ.

ಎರಡು ವರ್ಷದ ಮೇಲೆ ಸರಕಾರ ಗಡಿಯ ಊರುಗಳಿಗೆಲ್ಲ ಗಡಿಯಾರ ತಿರುಗಿಸಲು ಆಚೆಯ ದಿನಾಂಕವನ್ನೇ ಗೊತ್ತುಮಾಡಿತು. ಸೇತುವೆಯ ಎರಡೂ ತುದಿಯಲ್ಲಿ ಒಂದೇ ಹೊತ್ತಾಯಿತು. ಬಿರುಕು ಮುಚ್ಚಲಿಲ್ಲ, ದಕ್ಷಿಣಕ್ಕೆ ಸರಿಯಿತು. ಈಗ ಆ ಕೆಲವು ವಾರ ಹ್ವಾರೆಸ್‌ಗೂ ಅದರದೇ ರಾಜ್ಯದ ಒಳಗಿನ ಊರುಗಳಿಗೂ ಒಂದು ಗಂಟೆಯ ಅಂತರ. ಒಫೇಲಿಯಾ ಮೇಜಿನ ಮೇಲೆ ಹತ್ತಿ, "ಶನಿ ಬಿಡ್ತು!" ಎಂದು ಗಡಿಯಾರ ತಿರುಗಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಲಿಬ್ರಾದೊ ಬಾಗಿಲಿಗೆ ಹೋಗಿ ನಿಂತರು.

ವರ್ಷಗಳು ಹೋದವು. ಕಾಗದ ಬರೆಯಲು ಕುಳಿತದ್ದುಂಟು. ಅವರ ಕೈಬರಹ ಮುತ್ತು ಪೋಣಿಸಿದ ಹಾಗೆ. ಹೋಟೆಲಿನ ಆಮಂತ್ರಣಗಳ ಮೇಲೆ ಹೆಸರು ಬರೆಯುವವರು ಅವರೇ. 'ಮಾನ್ಯ ದೋನ್ಯಾ ತೊಮಾಸಾ ಅವರಿಗೆ' ಎಂದು ಚಂದವಾಗಿ ಬರೆದು ಅಲ್ಲಿಗೇ ನಿಲ್ಲಿಸುವರು. ಮೊದಲ ವರ್ಷ ಹೇಳಲು ನಾಚಿಕೆ. ಎರಡನೆಯ ವರ್ಷ, ಇಷ್ಟು ದಿನ ಏಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳಲಿ ಎಂಬ ಹೆದರಿಕೆ. ಆಮೇಲೆ, ಮಗ ಈ ವೇಳೆಗೆ ಮನೆಗೆ ಬಂದೇ ಇರುತ್ತಾನೆ ಎಂದು ತಮಗೆ ತಾವೇ ಹೇಳಿಕೊಂಡ ಸಮಾಧಾನ.

ಎರಡು ಸಾವಿರದ ಹದಿನೇಳನೆಯ ಮಾರ್ಚ್ ತಿಂಗಳಲ್ಲಿ ಅವರು ನಿವೃತ್ತರಾದರು. ಹೋಟೆಲಿನ ಊಟದ ಕೋಣೆಯಲ್ಲಿ ಬೀಳ್ಕೊಡುಗೆ. ದೊಡ್ಡ ಕೇಕು, ಹಾಡುವವರು, ತಾಚೊನ ತಮಾಷೆ. "ಇನ್ನು ಮೇಲೆ ಮನೆ ಬಾಗಿಲಲ್ಲಿ ನಿಂತ್ಕೊಂಡು ಎಲ್ವೀರಾ ಅಕ್ಕನ ತರಕಾರಿ ಚೀಲ ಇಳಿಸಿ ಕ್ಯಾಪ್ಟನ್. ಅವರೂ ಪುಸ್ತಕದಲ್ಲಿ ಬರೀತಾರೆ!" ಎಂದ. "ನಾನು ಬರೆದರೆ ಇವರು ಓದಲಾರರು," ಎಂದು ಎಲ್ವೀರಾ ತಿರುಗಿ ಕೊಟ್ಟಳು. ಎಲ್ಲರೂ ನಕ್ಕರು.

ಆಮೇಲೆ ಮ್ಯಾನೇಜರರು ಎದ್ದು, ಹಳೆಯ ಚರ್ಮದ ಪುಸ್ತಕಗಳನ್ನೆಲ್ಲ ತೆಗೆಸಿ ಗುರುತು ಮಾಡಿಸಿದ್ದ ಪುಟಗಳಿಂದ ಓದತೊಡಗಿದರು. ಮದುಮಗಳೊಬ್ಬಳು ಬರೆದದ್ದು, ಹಲ್ಲಿನ ಮುದುಕನೊಬ್ಬ ಬರೆದದ್ದು, ಆಮೇಲೆ, "ಇದು ಎರಡು ಸಾವಿರದ ಎಂಟರದು. ಸಣ್ಣದು, ಆದರೆ ನನಗೆ ಬಹಳ ಹಿಡಿಸಿತು," ಎಂದು ಕನ್ನಡಕ ಸರಿಮಾಡಿಕೊಂಡು ಓದಿದರು: "ನನ್ನ ಮಗ ನನಗಾಗಿ ಕಾಯಲಿಲ್ಲ. ಆದರೆ ದೋನ್ ಲಿಬ್ರಾದೊ ನನ್ನನ್ನು ಮಗನಿಗಿಂತ ಹೆಚ್ಚಾಗಿ ನೋಡಿಕೊಂಡರು. ದೇವರು ಅವರನ್ನು ಚೆನ್ನಾಗಿಟ್ಟಿರಲಿ. ತೊಮಾಸಾ ಲೋಯಾ, ಪರ್ರಾಲ್."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಲಿಬ್ರಾದೊ ಅತ್ತರು. ಸಂತೋಷಕ್ಕೆ ಅಳುತ್ತಿದ್ದಾರೆಂದು ಎಲ್ಲರೂ ತಿಳಿದರು. ಎಲ್ವೀರಾ ಮಾತ್ರ ಹಾಗೆ ತಿಳಿಯಲಿಲ್ಲ. ಮನೆಗೆ ಬಂದಮೇಲೆ ಅವಳು ಕೇಳಿದಳು. ಅವರು ಮೊದಲ ಬಾರಿಗೆ ಎಲ್ಲವನ್ನೂ ಹೇಳಿದರು. ಅವಳು ಎದ್ದು ಅವರ ಸಣ್ಣ ಚೀಲಕ್ಕೆ ಒಂದು ಜೊತೆ ಬಟ್ಟೆ ತುಂಬಿದಳು. "ಬಸ್ಸು ಹತ್ತಿ," ಎಂದಳು, ಅಷ್ಟೆ.

ಪರ್ರಾಲಿನಲ್ಲಿ ಹಳೆಯ ಗಣಿಯ ಕೆಳಗಿನ ಬೀದಿಯಲ್ಲಿ ತೊಮಾಸಾ ಅವರ ಮನೆ. ಹೊಲಿಗೆ ಯಂತ್ರದ ಮುಂದೆ, ಬಿಳಿಯ ಲೇಸಿನ ರಾಶಿಯ ನಡುವೆ ಕುಳಿತಿದ್ದ ಆಕೆ ಬಾಗಿಲಲ್ಲಿ ನಿಂತ ಮನುಷ್ಯನನ್ನು ಹುಬ್ಬಿನ ಮೇಲೆ ಕೈಯಿಟ್ಟು ನೋಡಿದರು.

"ಅಯ್ಯೋ ದೇವರೇ, ದೋನ್ ಲಿಬ್ರಾದೊ! ಗುಂಡಿಗಳೆಲ್ಲ ಎಲ್ಲಿ ಹೋದವು? ಬನ್ನಿ, ಬನ್ನಿ ಒಳಗೆ. ಆ ಕುರ್ಚಿ ಮೇಲಿನ ಸೂಜಿ ನೋಡ್ಕೊಂಡು ಕೂತ್ಕೊಳ್ಳಿ."

ಅವರು ಕೂರಲಿಲ್ಲ. ನಿಂತೇ ಹೇಳಿದರು. ಎರಡು ಗಡಿಯಾರ, ಆಚೆಯ ಮೂರು, ಈಚೆಯ ಎರಡು, ತಾವು ಎಲ್ಲರನ್ನೂ ಕೇಳುತ್ತಿದ್ದ, ಆಕೆಯನ್ನು ಕೇಳದೆ ಬಿಟ್ಟ ಪ್ರಶ್ನೆ, ಚಾಯೋ ಹೇಳಿದ ಉದ್ದನೆಯ ಹುಡುಗ, ಅವನು ತಿನ್ನದೆ ಹಿಡಿದುಕೊಂಡಿದ್ದ ಬುರಿತೊ, ಮುಕ್ಕಾಲು ಗಂಟೆ.

ತೊಮಾಸಾ ಯಂತ್ರದ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೇಳಿಸಿಕೊಂಡರು. ಕೊನೆಗೆ, "ಗದ್ದದ ಮೇಲೆ ಕಲೆ ಇತ್ತಂತಾ?" ಎಂದರು.

"ಇತ್ತಂತಮ್ಮಾ."

"ಆರು ವರ್ಷದವನಿದ್ದಾಗ ಆ ಮೆಟ್ಟಿಲ ಮೇಲೆ ಬಿದ್ದಿದ್ದ." ಆಕೆ ಎದ್ದು ಗೋಡೆಯ ಕಪಾಟಿನಿಂದ ಒಂದು ಕಾರ್ಡು ತಂದು ಅವರ ಕೈಗೆ ಕೊಟ್ಟರು. ಕ್ರಿಸ್ಮಸ್ ಹಬ್ಬದ ಕಾರ್ಡು. ಹೆಸರು, ಮೆಹಿಕಾಲಿಯ ಒಂದು ಬಾಡಿಗೆ ಕೋಣೆಯ ವಿಳಾಸ. ಬೇರೆ ಒಂದಕ್ಷರವಿಲ್ಲ. "ಮೂರನೇ ವರ್ಷ ಬಂತು ಇದು. ಬಂದಿದ್ದೆ, ಕಾಯಲಿಲ್ಲ, ತಪ್ಪಾಯ್ತು ಅಂತ ಒಂದು ಮಾತೂ ಬರೆದಿಲ್ಲವಲ್ಲಾ, ಇವನಿಗೆ ನಾನ್ಯಾಕೆ ಬರೀಲಿ ಅಂತ ಹಲ್ಲು ಕಚ್ಚಿಕೊಂಡು ಕೂತೆ. ಆಮೇಲೆ ಏನೂ ಬರಲಿಲ್ಲ. ಅವನು ಅಲ್ಲಿ ಕಾಯ್ತಾ ಇದ್ದ ಅಂತ ಕಾಣತ್ತೆ. ಆಗಲೂ."

ಲಿಬ್ರಾದೊ ತಲೆ ತಗ್ಗಿಸಿದರು. "ಕ್ಷಮಿಸಿ ಅಂತ ಕೇಳೋಕೂ ನನಗೆ ಬಾಯಿಲ್ಲಮ್ಮಾ."

"ಕೇಳಬೇಡಿ ಹಾಗಾದರೆ," ಎಂದರು ತೊಮಾಸಾ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಮೃದುವೂ ಇರಲಿಲ್ಲ. "ಒಂದು ಗಂಟೆ ತಪ್ಪಿದ್ದಕ್ಕೆ ನಾನು ಅವತ್ತೇ ಬೈದು ಮರೀತಿದ್ದೆ. ಸೇತುವೆ ಹತ್ತಿರಾನೇ ಹೇಳಿದ್ದರೆ ಮುಂದಿನ ಬಸ್ಸಿಗೆ ನಾನೂ ಹತ್ತಿರೋಳು. ಒಂಬತ್ತು ವರ್ಷ ಸುಮ್ಮನಿದ್ದಿರಲ್ಲ, ಅದನ್ನ ಎಲ್ಲಿಡಲಿ ನಾನು?"

ಒಲೆಯ ಮೇಲೆ ಹುರುಳಿಕಾಯಿಯ ಕಾಳು ಕುದಿಯುತ್ತಿತ್ತು. ಆಕೆ ಹೋಗಿ ಸೌಟಾಡಿಸಿ ಬಂದು, ಹಾಳೆ ಮತ್ತು ಪೆನ್ನನ್ನು ಅವರ ಮುಂದಿಟ್ಟರು.

"ನನಗೆ ಕಣ್ಣು ಸರಿಯಿಲ್ಲ. ನಿಮ್ಮ ಅಕ್ಷರ ಚೆನ್ನಾಗಿದೆ, ಹೋಟೆಲಲ್ಲಿ ನೋಡಿದ್ದೆ. ಬರೀರಿ: 'ರೊಸೆಂದೊ, ನಾನು ಬಂದಿದ್ದೆ.'"

ಅವರು ಬರೆದರು.

"'ನೀನು ಕಾದಿದ್ದೆ. ಅದು ನನಗೆ ಇವತ್ತು ಗೊತ್ತಾಯಿತು. ಮನೆ ಬಾಗಿಲು ಇದ್ದಲ್ಲೇ ಇದೆ.' ಸಾಕು. ಕೆಳಗೆ ನಿಮ್ಮದು ನೀವು ಬರ್ಕೊಳ್ಳಿ, ನಿಮ್ಮ ಹೆಸರಲ್ಲಿ. ಅದನ್ನ ನಾನು ಹೇಳಿಕೊಡಲ್ಲ."

ಲಿಬ್ರಾದೊ ಬಹಳ ಹೊತ್ತು ಬರೆದರು. ಆರು ವರ್ಷ ಹಳೆಯ ವಿಳಾಸ, ಬಾಡಿಗೆ ಕೋಣೆ. ಅಲ್ಲಿ ಅವನು ಇರುವನೋ ಇಲ್ಲವೋ, ಕಾಗದ ಮರಳಿ ಬರುವುದೋ ಏನೋ, ಇಬ್ಬರೂ ಅದನ್ನು ಆಡಲಿಲ್ಲ. ತೊಮಾಸಾ ನಾಲಿಗೆಯಿಂದ ಲಕೋಟೆಯ ಅಂಚನ್ನು ಒದ್ದೆ ಮಾಡಿ ಅಂಟಿಸಿದರು.

ಊಟಕ್ಕೆ ಕಾಳು, ಕೆಂಪು ಮೆಣಸಿನ ಗೊಜ್ಜಿನಲ್ಲಿ ಬೇಯಿಸಿದ ಮಾಂಸ, ಗೋಧಿಯ ರೊಟ್ಟಿ. ಮನೆಗೆ ಬಂದವರನ್ನು ಊಟವಿಲ್ಲದೆ ಕಳುಹಿಸುವ ವಂಶವಲ್ಲ ಆಕೆಯದು; ಅದಕ್ಕಿಂತ ಹೆಚ್ಚಿನದನ್ನು ಆ ಊಟದಲ್ಲಿ ಹುಡುಕಬಾರದೆಂದು ಲಿಬ್ರಾದೊ ತಮಗೆ ತಾವೇ ಹೇಳಿಕೊಂಡರು.

"ರಾತ್ರಿಯೆಲ್ಲ ಬಸ್ಸಲ್ಲಿ ಬಂದಿದ್ದೀರಿ," ಎಂದರು ತೊಮಾಸಾ ತಟ್ಟೆ ಎತ್ತುತ್ತ. "ಒಳಗೆ ಮಂಚವಿದೆ, ರೊಸೆಂದೊದು. ಮಲಗಿ. ನಿಮ್ಮ ಬಸ್ಸು ನಾಲ್ಕು ಗಂಟೆಗೆ. ನಾನು ಎಬ್ಬಿಸ್ತೀನಿ."

ಲಿಬ್ರಾದೊ ಕೈಗಡಿಯಾರ ನೋಡಿಕೊಂಡರು. ಅದು ಹ್ವಾರೆಸ್‌ನ ಹೊತ್ತು ತೋರಿಸುತ್ತಿತ್ತು. ಮಾರ್ಚ್ ತಿಂಗಳ ಕೊನೆಯ ವಾರ.

"ನಾಲ್ಕು ಅಂದರೆ..." ಎಂದು ತಲೆಯೆತ್ತಿದರು. "ಇಲ್ಲಿನದಾ ಅಮ್ಮಾ, ಅಲ್ಲಿನದಾ?"

ತೊಮಾಸಾ ತಟ್ಟೆಗಳನ್ನು ಹಿಡಿದುಕೊಂಡೇ ಅವರನ್ನು ನೋಡಿದರು.

"ಇಲ್ಲಿನದು," ಎಂದರು. "ಹೋಗಿ ಮಲಗಿ."

ಅವರು ಮಲಗಿದರು. ನಿದ್ದೆ ಬರಲಿಲ್ಲ. ತಲೆಯ ಮೇಲೆ ಗೋಡೆಗೆ ಹುಡುಗನೊಬ್ಬನ ಬೇಸ್‌ಬಾಲ್ ಟೋಪಿ ತೂಗುಹಾಕಿತ್ತು. ಹೊರಗೆ ಹೊಲಿಗೆಯ ಯಂತ್ರ ಸ್ವಲ್ಪ ಹೊತ್ತು ಓಡುವುದು, ನಿಲ್ಲುವುದು, ಬಹಳ ಹೊತ್ತು ನಿಂತೇ ಇರುವುದು, ಮತ್ತೆ ಓಡುವುದು. ಆ ಊರಿನ ಗಡಿಯಾರದಲ್ಲಿ ಮೂರು ಹೊಡೆಯಿತು. ಇನ್ನೂ ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಬಾಗಿಲ ಮೇಲೆ ಎರಡು ಸಲ ತಟ್ಟಿದ ಸದ್ದಾಯಿತು.

"ಏಳಿ ದೋನ್ ಲಿಬ್ರಾದೊ. ಹತ್ತು ನಿಮಿಷದ ದಾರಿ. ಆದರೂ ಈಗಲೇ ಹೋಗೋಣ. ಬಸ್ಸು ಬರೋವರೆಗೂ ನಾನೂ ಬಂದು ನಿಂತ್ಕೊಳ್ತೀನಿ."